ಚಳಿ ಶುರುವಾಗಿದ್ದು ಹೆಗಲಲ್ಲಿ

6 ಗಂಟೆ ಈಜಬೇಕಿತ್ತು. 4 ಗಂಟೆ 20 ನಿಮಿಷಕ್ಕೆ ಆ ಈಜುಗಾರ್ತಿಯನ್ನು ನೀರಿನಿಂದ ಎತ್ತಬೇಕಾಯಿತು. ದಡದಲ್ಲಿ ನಿಂತಿದ್ದವರು, ಆಮೇಲೆ ಸುದ್ದಿ ಕೇಳಿದವರು, ಎಲ್ಲರದ್ದೂ ಒಂದೇ ತೀರ್ಮಾನ: ಚಳಿ ತಡೀಲಿಲ್ಲ. ಪರಿಹಾರವೂ ಒಂದೇ. ತೂಕ ಹೆಚ್ಚಿಸಿಕೊಳ್ಳಿ, ತಣ್ಣೀರಲ್ಲಿ ಇನ್ನೂ ಜಾಸ್ತಿ ಹೊತ್ತು ಇರಿ, ಮುಂದಿನ ವರ್ಷ ಮತ್ತೆ ಬನ್ನಿ.

ಅವರು ನನ್ನ ಹತ್ತಿರ ತರಬೇತಿಗೆ ಬಂದಿದ್ದು ಇದೆಲ್ಲ ಆದ ಮೇಲೆ. ಬರುವಾಗ ಆ ದಿನ ದೋಣಿಯಲ್ಲಿ ಬರೆದಿಟ್ಟ ನೋಟ್‌ಬುಕ್ ತಂದಿದ್ದರು. ಅದನ್ನು ಓದಿದರೆ ಕಥೆ ಬೇರೆಯೇ ಇತ್ತು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಆ ಪ್ರಕರಣವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಡುವಯಸ್ಸಿನಲ್ಲಿ ದೂರದ ಈಜಿಗೆ ಇಳಿಯುವವರು, ಅದಕ್ಕಿಂತ ಹೆಚ್ಚಾಗಿ ಅವರ ಜೊತೆ ದೋಣಿಯಲ್ಲಿ ಕೂರುವವರು ಓದಲಿ ಅನ್ನುವುದು ನನ್ನ ಆಸೆ.

ಯಾರು, ಯಾವ ಗುರಿ

ವಯಸ್ಸು 49. ಕಾಲೇಜಿನಲ್ಲಿದ್ದಾಗ ಪೂಲ್‌ನಲ್ಲಿ 200 ಮತ್ತು 400 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಗಳಲ್ಲಿ ಈಜಿದವರು. ಆಮೇಲೆ ಕೆಲಸ, ಮಕ್ಕಳು, ಮನೆ. 44ಕ್ಕೆ ಮತ್ತೆ ನೀರಿಗಿಳಿದರು. ಮೊದಲು ಸುಮ್ನೆ ಆರೋಗ್ಯಕ್ಕೆ ಅಂತ. ಆಮೇಲೆ ತೆರೆದ ನೀರಲ್ಲಿ 5 ಕಿ.ಮೀ., 10 ಕಿ.ಮೀ. ಈಜಿದರು. ಅಲ್ಲಿಂದ ತಲೆಗೆ ಹೊಕ್ಕಿದ್ದು ಇಂಗ್ಲಿಷ್ ಚಾನೆಲ್.

ಚಾನೆಲ್ ಅಂದರೆ ಇಂಗ್ಲೆಂಡಿನ ಡೋವರ್ ಕಡೆಯಿಂದ ಫ್ರಾನ್ಸಿನ ದಡಕ್ಕೆ. ನೇರ ಗೆರೆ ಎಳೆದರೆ ಸುಮಾರು 33 ಕಿ.ಮೀ. ಆದರೆ ಉಬ್ಬರವಿಳಿತ ಅಡ್ಡಕ್ಕೆ ಎಳೆಯುವುದರಿಂದ ಅಲ್ಲಿ ಯಾರೂ ನೇರ ಈಜುವುದಿಲ್ಲ. ಈಜುವ ತಿಂಗಳುಗಳಲ್ಲಿ ನೀರು 15ರಿಂದ 18 ಡಿಗ್ರಿ ಇರುತ್ತದೆ. ಮೈ ಬೆಚ್ಚಗಿಡುವ ರಬ್ಬರ್ ಉಡುಪು, ಅಂದರೆ ವೆಟ್‌ಸೂಟ್, ಹಾಕುವಂತಿಲ್ಲ. ಮಾಮೂಲಿ ಈಜುಡುಗೆ, ಒಂದು ಕ್ಯಾಪ್, ಗಾಗಲ್ಸ್, ಮೈಗೆ ಸ್ವಲ್ಪ ಗ್ರೀಸ್, ಅಷ್ಟೇ. ದೋಣಿ ಪಕ್ಕದಲ್ಲೇ ಬರುತ್ತದೆ, ಆದರೆ ಅದನ್ನು ಮುಟ್ಟಿದರೆ ಈಜು ಮುಗಿದಂತೆ. ಇದಕ್ಕೆ ಒಬ್ಬರೇ ಹೋಗಬೇಕಾದರೆ ಮೊದಲು 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ನೀರಲ್ಲಿ 6 ಗಂಟೆ ಈಜಿ ತೋರಿಸಬೇಕು. ನಮ್ಮ ಈಜುಗಾರ್ತಿ ಎಡವಿದ್ದು ಈ ಅರ್ಹತೆಯ ಈಜಿನಲ್ಲಿ.

ವಯಸ್ಸಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. 2014ರಲ್ಲಿ ದಕ್ಷಿಣ ಆಫ್ರಿಕಾದ ಹೃದಯ ಸರ್ಜನ್ ಓಟ್ಟೊ ಥಾನಿಂಗ್ ಚಾನೆಲ್ ದಾಟಿದಾಗ ಅವರಿಗೆ 73. ಹಾಗಾಗಿ "ಈ ವಯಸ್ಸಲ್ಲಿ ಆಗುತ್ತಾ" ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಈ ವಯಸ್ಸಲ್ಲಿ ಯಾವುದು ಮೊದಲು ಕೈಕೊಡುತ್ತದೆ ಅಂತ ಕೇಳಬೇಕು.

ನೋಟ್‌ಬುಕ್ ಹೇಳಿದ್ದು

ಆ ದಿನ ದೋಣಿಯಲ್ಲಿ ಇದ್ದದ್ದು ಅವರ ತಮ್ಮ. ಈಜು ಅಷ್ಟಾಗಿ ಗೊತ್ತಿಲ್ಲದ ಮನುಷ್ಯ, ಆದರೆ ಹೇಳಿದ ಕೆಲಸ ಚಾಚೂ ತಪ್ಪದೆ ಮಾಡುವವರು. ಅರ್ಧ ಗಂಟೆಗೊಮ್ಮೆ ಒಂದು ನಿಮಿಷಕ್ಕೆ ಎಷ್ಟು ಸ್ಟ್ರೋಕ್ (ಒಂದೊಂದು ಕೈ ಬೀಸು ಒಂದು ಸ್ಟ್ರೋಕ್) ಅಂತ ಎಣಿಸಿ, ಫೀಡ್, ಅಂದರೆ ದೋಣಿಯಿಂದ ಕೊಡುವ ಪುಡಿ ಬೆರೆಸಿದ ಪಾನೀಯ, ಎಷ್ಟು ಒಳಗೆ ಹೋಯಿತು ಅಂತ ನೋಡಿ ಬರೆದಿದ್ದರು. ನೀರು 15.5 ಡಿಗ್ರಿ, ಗಾಳಿ ಕಡಿಮೆ, ಮೋಡ. ಅವರು ಬರೆದದ್ದು ಹೀಗಿತ್ತು:

1:00 – 62. ಪೂರ್ತಿ ಕುಡಿದ್ಲು. ನಗ್ತಿದಾಳೆ.
2:00 – 61. ಪೂರ್ತಿ. ಬಲ ಹೆಗಲು ಸ್ವಲ್ಪ ಹಿಡೀತಿದೆ ಅಂದ್ಲು.
2:30 – 57. ಪೂರ್ತಿ.
3:00 – 53. ಅರ್ಧ ಬಿಟ್ಲು. ಮಾತಿಲ್ಲ.
3:30 – 50. ಚಳಿ ಅಂದ್ಲು. ಪುಡಿ ಡಬಲ್ ಹಾಕಿ ಕೊಟ್ಟೆ.
4:00 – 46. ವಾಂತಿ. ಮೇಲೆ ಬಾ ಅಂದೆ. ಇನ್ನರ್ಧ ಗಂಟೆ ಅಂದ್ಲು.

ಎಡಗಡೆಯ ಅಂಕಿಗಳನ್ನೂ ಬಲಗಡೆಯ ಮಾತನ್ನೂ ಒಟ್ಟಿಗೆ ನೋಡಿ. ಚಳಿ ಅನ್ನುವ ಪದ ಬಂದಿದ್ದು ಮೂರೂವರೆ ಗಂಟೆಗೆ. ಸ್ಟ್ರೋಕ್ ಬೀಳಲು ಶುರುವಾಗಿದ್ದು ಎರಡೂವರೆಗೆ. ಅದಕ್ಕೂ ಅರ್ಧ ಗಂಟೆ ಮುಂಚೆ ಹೆಗಲಿನ ಮಾತು ಬಂದಿತ್ತು. ಚಳಿ ಹಿಡಿದು ಕೈ ನಿಧಾನವಾಗಿದ್ದರೆ ಈ ಸಾಲು ತಿರುಗುಮುರುಗಾಗಿ ಇರಬೇಕಿತ್ತು.

ಫೋನ್‌ನಲ್ಲಿ ತೆಗೆದ ಒಂದು ವಿಡಿಯೊ ಕೂಡ ಇತ್ತು, 2 ಗಂಟೆ 40 ನಿಮಿಷದ್ದು. ಎಡಗೈ ಚೆನ್ನಾಗಿಯೇ ಬರುತ್ತಿದೆ. ಬಲಗೈ ನೀರಿನಿಂದ ಮೇಲೆದ್ದಾಗ ಮೊಣಕೈ ಕೆಳಗೆ ಜೋತಿದೆ. ಅಂಗೈ ನೀರನ್ನು ಹಿಡಿಯುತ್ತಿಲ್ಲ, ಜಾರಿ ಹೊಟ್ಟೆಯ ಕೆಳಗೆ ಹೋಗುತ್ತಿದೆ. ಬೆರಳುಗಳು ಮಾತ್ರ ಇನ್ನೂ ಸರಿಯಾಗಿ ಕೂಡಿಕೊಂಡಿವೆ. ಇದು ಮುಖ್ಯ. ಚಳಿ ಒಳಗಿಳಿದಾಗ ಬೆರಳು ಸೆಟೆದು ಅಗಲವಾಗುತ್ತವೆ, ಬೇಕೆಂದರೂ ಕೂಡಿಸಲು ಬರುವುದಿಲ್ಲ. ನುರಿತ ದೋಣಿಯವರು ಮುಖಕ್ಕಿಂತ ಮೊದಲು ಬೆರಳು ನೋಡುವುದು ಅದಕ್ಕೇ. ಆ ಹೊತ್ತಿಗೆ ಅವರ ಬೆರಳು ನೆಟ್ಟಗಿದ್ದವು, ಹೆಗಲು ಸೋತಿತ್ತು.

ಇನ್ನೂ ಒಂದು ಸಾಕ್ಷಿ. ಇದಕ್ಕೆ ಮೂರು ವಾರ ಮುಂಚೆ ಅವರು 15 ಡಿಗ್ರಿ ನೀರಲ್ಲಿ ಮೂರೂವರೆ ಗಂಟೆ ಈಜಿದ್ದರು. ನೀರಲ್ಲಿದ್ದಷ್ಟು ಹೊತ್ತು ನಡುಕವೇ ಬಂದಿರಲಿಲ್ಲ. ಅದೇ ಮೈ, ಅದೇ ತೂಕ, ಇನ್ನೂ ತಣ್ಣನೆಯ ನೀರು. ಹಾಗಾದರೆ ಮೂರು ವಾರದಲ್ಲಿ ಬದಲಾಗಿದ್ದೇನು?

ಒಲೆ ಆರಿದ ಬಗೆ

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. 16 ಡಿಗ್ರಿ ಗಾಳಿಯಲ್ಲಿ ಸ್ವೆಟರ್ ಹಾಕಿಕೊಂಡು ಆರಾಮಾಗಿ ಕೂರಬಹುದು. 16 ಡಿಗ್ರಿ ನೀರಲ್ಲಿ ಸುಮ್ಮನೆ ನಿಂತರೆ ಮೈ ಬಿಸಿ ಸೋರುತ್ತಲೇ ಇರುತ್ತದೆ. ಈಜುಗಾರರು ಅಲ್ಲಿ ಗಂಟೆಗಟ್ಟಲೆ ಇರುವುದು ಚರ್ಮದಡಿಯ ಕೊಬ್ಬಿನಿಂದ ಮಾತ್ರ ಅಲ್ಲ, ಸ್ನಾಯುಗಳು ದುಡಿಯುವಾಗ ಹುಟ್ಟುವ ಬಿಸಿಯಿಂದಲೂ ಹೌದು. ಈಜು ಈ ವಿಷಯದಲ್ಲಿ ಬಹಳ ದುಂದಿನ ವ್ಯಾಯಾಮ. ಖರ್ಚು ಮಾಡಿದ ಶಕ್ತಿಯಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಪಾಲು ಕೂಡ ಮುಂದೆ ಸಾಗಲು ಬಳಕೆಯಾಗುವುದಿಲ್ಲ. ಮಿಕ್ಕಿದ್ದೆಲ್ಲ ಬಿಸಿ. ತಣ್ಣೀರಲ್ಲಿ ಆ ದುಂದೇ ನಮ್ಮನ್ನು ಕಾಯುವ ಒಲೆ.

62 ಇದ್ದ ಸ್ಟ್ರೋಕ್ 50ಕ್ಕೆ ಇಳಿದಾಗ, ಅದೂ ಒಂದು ಕೈ ಅರೆಬರೆ ಎಳೆಯುವಾಗ, ಉರಿ ತಗ್ಗಿತು. ಬಿಸಿ ಹುಟ್ಟುವುದಕ್ಕಿಂತ ಸೋರುವುದು ಜಾಸ್ತಿಯಾಯಿತು. ಹೆಗಲು ನೋಯುವಾಗ ಬಾಟಲಿ ಹಿಡಿದು ನೀರಲ್ಲಿ ನಿಲ್ಲುವುದೂ ಕಷ್ಟ, ಹಾಗಾಗಿ ಅರ್ಧ ಫೀಡ್ ಬಿಟ್ಟರು. ಸ್ನಾಯುಗಳಿಗೆ ಸಕ್ಕರೆ ಕಡಿಮೆಯಾಯಿತು. ಗಾಬರಿಯಾದ ತಮ್ಮ ಬಿಟ್ಟಿದ್ದನ್ನು ಸರಿದೂಗಿಸಲು ಪುಡಿ ಡಬಲ್ ಹಾಕಿದರು. ಪ್ರೀತಿಯಿಂದ ಮಾಡಿದ ಕೆಲಸ, ಆದರೆ ಅಷ್ಟು ಗಟ್ಟಿ ದ್ರಾವಣವನ್ನು ದುಡಿಯುತ್ತಿರುವ ಹೊಟ್ಟೆ ತಡೆದುಕೊಳ್ಳುವುದಿಲ್ಲ. ವಾಂತಿಯಾಯಿತು. ಅಲ್ಲಿಂದ 20 ನಿಮಿಷಕ್ಕೆ ಆಟ ಮುಗಿಯಿತು.

ದಡಕ್ಕೆ ಬಂದ ಮೇಲೂ ಒಂದು ಎಡವಟ್ಟಾಯಿತು. ಯಾರೋ ಪಾಪ ಅಂತ ಅವರನ್ನು ನೇರ ಬಿಸಿನೀರಿನ ಶವರ್ ಕೆಳಗೆ ನಿಲ್ಲಿಸಿದರು. ತಲೆ ಸುತ್ತಿ ಅಲ್ಲೇ ಕುಸಿದು ಕೂತರು. ನೀರಿನಿಂದ ಬಂದ ಮೇಲೂ ಮೈಯೊಳಗಿನ ಬಿಸಿ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ನಡುಕ ಜೋರಾಗುವುದೇ ಹತ್ತು ಹದಿನೈದು ನಿಮಿಷ ಬಿಟ್ಟು. ಆಗ ಬಿಸಿನೀರು ಸುರಿದರೆ ಚರ್ಮದ ರಕ್ತನಾಳಗಳು ತೆರೆದುಕೊಂಡು ರಕ್ತದೊತ್ತಡ ಬೀಳುತ್ತದೆ. ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ಒಂದರ ಮೇಲೊಂದು ಒಣ ಬಟ್ಟೆ, ಟೋಪಿ, ಕೈಗೆ ಬೆಚ್ಚಗಿನ ಸಿಹಿ ಪಾನೀಯ. ಕೂರಿಸಿ ನಡುಗಲು ಬಿಡಬೇಕು. ನಡುಕ ಪೂರ್ತಿ ನಿಲ್ಲುವ ತನಕ ಗಾಡಿ ಓಡಿಸಲು ಬಿಡಬಾರದು.

ಆ ಮೂರು ವಾರ

ಅವರ ತರಬೇತಿ ಡೈರಿ ತೆರೆದೆ. ಮಾಮೂಲಿಯಾಗಿ ವಾರಕ್ಕೆ 18ರಿಂದ 20 ಕಿ.ಮೀ. ಈಜುತ್ತಿದ್ದವರು ಒಂದು ವಾರ 26, ಮುಂದಿನ ವಾರ 30 ಕಿ.ಮೀ. ಮಾಡಿದ್ದರು. "ಕೊನೇ ತಳ್ಳು" ಅಂತ ಪಕ್ಕದಲ್ಲಿ ಬರೆದಿತ್ತು. ಅದರಲ್ಲೂ ನಾಲ್ಕು ದಿನ ಎಡೆಬಿಡದೆ, ಕೈಗೆ ಪ್ಯಾಡಲ್ ಹಾಕಿಕೊಂಡು. ಪ್ಯಾಡಲ್ ಅಂದರೆ ಅಂಗೈಗೆ ಕಟ್ಟುವ ಪ್ಲಾಸ್ಟಿಕ್ ಹಲಗೆ. ನೀರು ಜಾಸ್ತಿ ಸಿಗುತ್ತದೆ, ಹೆಗಲಿನ ಮೇಲಿನ ಹೊರೆಯೂ ಅಷ್ಟೇ ಜಾಸ್ತಿಯಾಗುತ್ತದೆ. ಆಮೇಲೆ ಮೂರೇ ದಿನ ವಿಶ್ರಾಂತಿ, ನಾಲ್ಕನೇ ದಿನ 6 ಗಂಟೆಯ ಈಜು.

ಇಪ್ಪತ್ತರ ಹರೆಯದಲ್ಲಿ ಇದು ನಡೆದುಹೋಗುತ್ತದೆ. ಭಾರತದ ಈಜುಗಾರ್ತಿ ಆರತಿ ಸಾಹಾ 1959ರ ಆಗಸ್ಟ್‌ನಲ್ಲಿ ಚಾನೆಲ್‌ಗೆ ಇಳಿದರು. ದೋಣಿ ತಡವಾಗಿ ಬಂತು, ಪ್ರವಾಹ ಎದುರಾಯಿತು, ದಡ ಸಿಗಲಿಲ್ಲ. ಅದೇ ಸೆಪ್ಟೆಂಬರ್ 29ರಂದು ಮತ್ತೆ ಇಳಿದು ದಾಟಿಯೇಬಿಟ್ಟರು, ಚಾನೆಲ್ ಈಜಿದ ಏಷ್ಯಾದ ಮೊದಲ ಮಹಿಳೆಯಾದರು. ಅವರಿಗಾಗ 19 ವರ್ಷ. ಒಂದು ತಿಂಗಳಲ್ಲಿ ಅಂಥ ಎರಡು ಈಜು! ನಡುವಯಸ್ಸಿನಲ್ಲಿ ಶ್ವಾಸ ಮತ್ತು ಮನಸ್ಸು ಇನ್ನೂ ಆ ಕೆಲಸ ಮಾಡುತ್ತವೆ, ಟೆಂಡನ್ ಮಾಡುವುದಿಲ್ಲ. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರು. ಅದಕ್ಕೆ ರಕ್ತ ಹರಿಯುವುದೇ ಕಡಿಮೆ, ವಯಸ್ಸಾದಂತೆ ರಿಪೇರಿಯೂ ನಿಧಾನ. ಎದೆ ಏದುಸಿರು ಬಿಡುವುದು ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ ಅಲ್ವಾ, ಹಾಗಾಗಿ ಮೈ ಪೂರ್ತಿ ಚೇತರಿಸಿಕೊಂಡಿತು ಅಂತ ಅನಿಸಿಬಿಡುತ್ತದೆ. ಮೋಸ ಹೋಗುವುದು ಅಲ್ಲೇ.

ಡೈರಿಯಲ್ಲಿ ಇಲ್ಲದ ಇನ್ನೊಂದು ವಿಷಯ ಮಾತಾಡುವಾಗ ಹೊರಬಂತು. ಅವರಿಗೆ ಮುಟ್ಟು ನಿಲ್ಲುವ ಸಮಯ. ರಾತ್ರಿ ಮೈಯೆಲ್ಲ ಬೆವೆತು ಎರಡು ಮೂರು ಸಲ ಎಚ್ಚರ, ಬೆಳಿಗ್ಗೆ 5ಕ್ಕೆ ಪೂಲ್. ಈಜಿನ ಲೆಕ್ಕದಲ್ಲಿ ನಿದ್ದೆಯ ಲೆಕ್ಕ ಯಾರೂ ಇಟ್ಟಿರಲಿಲ್ಲ. ನನ್ನ ಪ್ರಕಾರ ಈ ವಯಸ್ಸಿನ ಮಹಿಳೆಯರ ತರಬೇತಿ ಡೈರಿಯಲ್ಲಿ ಕಿಲೋಮೀಟರ್‌ಗಿಂತ ಮೊದಲು ನಿದ್ದೆಯ ಕಾಲಂ ಇರಬೇಕು. ಪುರುಷ ಕೋಚ್‌ಗಳು ಇದನ್ನು ಕೇಳಲು ಮುಜುಗರ ಪಡುತ್ತಾರೆ. ಕೇಳಬೇಕು.

ಹೆಗಲಿಗೆ ಏನಾಗಿತ್ತು

ಮೊದಲು ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ನನಗಿದ್ದ ಭಯ ಫ್ರೋಜನ್ ಶೋಲ್ಡರ್‌ದು, ಅಂದರೆ ಹೆಗಲ ಕೀಲು ಬಿಗಿದು ಕೈ ಮೇಲೇಳದಂತಾಗುವ ತೊಂದರೆ. 40ರಿಂದ 60ರ ನಡುವೆ ಅದು ಬರುವುದು ಜಾಸ್ತಿ, ಮಹಿಳೆಯರಲ್ಲಿ ಇನ್ನೂ ಜಾಸ್ತಿ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಇದ್ದರೆ ಮತ್ತೂ ಜಾಸ್ತಿ. ಅದಾಗಿದ್ದರೆ ಒಂದೆರಡು ವರ್ಷ ಚಾನೆಲ್ ಮರೆಯಬೇಕಾಗುತ್ತಿತ್ತು. ಪರೀಕ್ಷೆ ಸರಳವಾಗಿಯೇ ಇತ್ತು. "ಕೈ ಸಡಿಲ ಬಿಡಿ, ನೀವು ಎತ್ತಬೇಡಿ" ಅಂತ ಹೇಳಿ ಡಾಕ್ಟರೇ ಮೆಲ್ಲಗೆ ಕೈ ಎತ್ತಿದರು. ಕಿವಿಯ ಪಕ್ಕದ ತನಕ ಹೋಯಿತು. ಫ್ರೋಜನ್ ಆಗಿದ್ದರೆ ಬೇರೆಯವರು ಎತ್ತಿದರೂ ಅರ್ಧಕ್ಕೇ ಗಕ್ಕನೆ ನಿಲ್ಲುತ್ತದೆ. ಆಮೇಲೆ ತಾವೇ ಪಕ್ಕಕ್ಕೆ ಎತ್ತಿದಾಗ ನಡುವಿನ ಒಂದು ಪಟ್ಟಿಯಲ್ಲಿ ಮಾತ್ರ ಚುಳುಕ್ ಅಂತು, ಅದು ದಾಟಿದ ಮೇಲೆ ನೋವಿಲ್ಲ. ಸ್ಕ್ಯಾನ್‌ನಲ್ಲಿ ಹರಿದಿರಲಿಲ್ಲ. ಹೆಗಲ ಗುಂಡನ್ನು ಹಿಡಿದಿಡುವ ಟೆಂಡನ್ ಕೆರಳಿ ಊದಿತ್ತು. ರಕ್ತದೊತ್ತಡ, ಇಸಿಜಿ ಕೂಡ ಆಗಲೇ ಮಾಡಿಸಿದೆವು. ತಣ್ಣೀರಿನ ಈಜಿನಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ನೊರೆ ಕೆಮ್ಮು ಬರುತ್ತದೆ, ಬಿಪಿ ಜಾಸ್ತಿ ಇರುವವರಿಗೆ ಆ ಅಪಾಯ ಹೆಚ್ಚು. ಇವರದ್ದು ಸರಿಯಿತ್ತು.

ಯಾಕೆ ಬಲಗಡೆಯೇ? ಪೂಲ್‌ನಲ್ಲಿ ಹಿಂದಿನಿಂದ ನೋಡಿದ ತಕ್ಷಣ ಗೊತ್ತಾಯಿತು. ಅವರು ಉಸಿರು ತೆಗೆದುಕೊಳ್ಳುವುದು ಎಡಕ್ಕೆ ಮಾತ್ರ. ಮುಖ ಎಡಕ್ಕೆ ತಿರುಗಿದಾಗ ಬಲಗೈ ಮುಂದೆ ಚಾಚಿರುತ್ತದೆ. ತಲೆ ಸ್ವಲ್ಪ ಜಾಸ್ತಿಯೇ ಎತ್ತುವ ಅಭ್ಯಾಸ, ಹಾಗಾಗಿ ಪ್ರತಿ ಉಸಿರಿಗೂ ಆ ಚಾಚಿದ ಬಲಗೈ ಮೇಲೆ ಭಾರ ಹಾಕಿ ಒತ್ತುತ್ತಿದ್ದರು. ಸಾಲದ್ದಕ್ಕೆ ಬಲಗೈ ಹೆಬ್ಬೆರಳು ಮೊದಲಾಗಿ ನೀರಿಗಿಳಿದು, ಮೂಗಿನ ನೇರಕ್ಕೆ ಬಂದು, ಎಡಕ್ಕೆ ದಾಟುತ್ತಿತ್ತು. ಹೆಗಲು ಒಳಕ್ಕೆ ತಿರುಚಿ ಮೇಲೆ ಭಾರ ಬೀಳುವ ಭಂಗಿ ಅದು. ನಿಮಿಷಕ್ಕೆ 60 ಸ್ಟ್ರೋಕ್ ಅಂದರೆ 6 ಗಂಟೆಗೆ 21,600. ಅದರಲ್ಲಿ ಅರ್ಧ ಬಲಗೈದು. 400 ಮೀಟರ್ ಈಜುವವರು ಈ ತಪ್ಪಿನ ಜೊತೆ ಜೀವನಪೂರ್ತಿ ಆರಾಮಾಗಿ ಇದ್ದುಬಿಡಬಹುದು.

ಬದಲಿಸಿದ್ದು

ಪ್ಯಾಡಲ್ ಬಿಡಿಸಿದೆ. ಮೊದಲ ಎರಡು ತಿಂಗಳು ದೂರ ಅರ್ಧಕ್ಕಿಂತ ಕಡಿಮೆ, ಅದೂ ಬರೀ ಕೈ ತಿದ್ದಲು. ಅಂಗೈ ಚಪ್ಪಟೆಯಾಗಿ, ಹೆಗಲಿನ ನೇರಕ್ಕೆ ಇಳಿಯಬೇಕು. ಉಸಿರು ಮೂರು ಸ್ಟ್ರೋಕಿಗೊಮ್ಮೆ, ಎರಡೂ ಕಡೆ. ಇದಕ್ಕೆ ಅವರು ಗೊಣಗಿದ್ದು ಅಷ್ಟಿಷ್ಟಲ್ಲ. "ಬಲಕ್ಕೆ ತಿರುಗಿದರೆ ಬರೀ ನೀರು ಕುಡೀತೀನಿ ಸರ್" ಅಂತ ಪ್ರತಿದಿನ ದೂರು. ಆರು ವಾರ ಬೇಕಾಯಿತು. ವಾರಕ್ಕೆ ಎರಡು ದಿನ ರಬ್ಬರ್ ಬ್ಯಾಂಡ್ ಮತ್ತು ಡಂಬೆಲ್, ಬೆನ್ನಿನ ಮೇಲ್ಭಾಗಕ್ಕೆ, ಹೆಗಲನ್ನು ಹೊರಕ್ಕೆ ತಿರುಗಿಸುವ ಸಣ್ಣ ಸ್ನಾಯುಗಳಿಗೆ. ನಲವತ್ತು ದಾಟಿದ ಈಜುಗಾರರು ಇದನ್ನು ಬಿಟ್ಟು ಇನ್ನೊಂದು ಕಿಲೋಮೀಟರ್ ಈಜಲು ಹೋಗುತ್ತಾರೆ. ನನ್ನ ಕೈಲಿದ್ದರೆ ಆ ಕಿಲೋಮೀಟರ್ ಕಿತ್ತುಕೊಂಡು ಡಂಬೆಲ್ ಕೊಡುತ್ತೇನೆ.

ಆಮೇಲೆ ವಾರದ ಆಕಾರವನ್ನೇ ಬದಲಿಸಿದೆವು. ಕಷ್ಟದ ಎರಡು ದಿನಗಳು ಅಕ್ಕಪಕ್ಕ ಬರಕೂಡದು. ತೆರೆದ ನೀರಲ್ಲಿ ಒಂದು ಉದ್ದದ ಈಜು, ಪೂಲ್‌ನಲ್ಲಿ ಒಂದು ವೇಗದ ದಿನ, ಒಂದು ಹಗುರ ದಿನ. ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸುವುದು. ರಾತ್ರಿ ನಿದ್ದೆ ಕೆಟ್ಟರೆ ಬೆಳಗಿನ ಕಷ್ಟದ ಈಜು ಹಗುರವಾಗುತ್ತದೆ, ಚರ್ಚೆ ಇಲ್ಲ. ಕೊನೆಗೆ ವಾರಕ್ಕೆ 22 ಕಿ.ಮೀ. ಮುಟ್ಟಿದೆವು, ಅದಕ್ಕಿಂತ ಮೇಲೆ ಹೋಗಲಿಲ್ಲ. ಚಾನೆಲ್‌ಗೆ ವಾರಕ್ಕೆ 40 ಮಾಡುವವರೂ ಇದ್ದಾರೆ. ಇರಲಿ.

ಸ್ಟ್ರೋಕ್ ಎಣಿಕೆ ಎಲ್ಲದಕ್ಕೂ ಅಳತೆಗೋಲಾಯಿತು. ಉದ್ದಕ್ಕೆ ಚಾಚಿ ಜಾರುವ ಪೂಲ್ ಶೈಲಿ ಬಿಡಿಸಿ, ಸ್ವಲ್ಪ ಗಿಡ್ಡ ಆದರೆ ಚುರುಕಾದ ಕೈಗೆ ತಂದೆ. ಕ್ಯಾಪ್ ಒಳಗೆ ಸಿಕ್ಕಿಸುವ ಪುಟ್ಟ ಬೀಪ್ ಯಂತ್ರ ಇಟ್ಟು 64ಕ್ಕೆ ಅಭ್ಯಾಸ ಮಾಡಿಸಿದೆ. ಅರ್ಹತೆಯ ಈಜಿನಲ್ಲಿ ಅದು ಇರುವುದಿಲ್ಲ, ಲಯ ಮೈಗೆ ಹತ್ತಿರಬೇಕು. ವಾಚ್ ನೋಡಿಕೊಳ್ಳಬಹುದಲ್ಲ ಅಂತ ಕೇಳಿದೆ. "ಚಾಳೀಸು ಬಂದಿದೆ ಸರ್, ನೀರಲ್ಲಿ ಅಂಕಿ ಕಾಣಿಸಲ್ಲ" ಅಂದರು. ಸರಿ, ಎಣಿಸುವ ಕೆಲಸ ದೋಣಿಯದ್ದೇ.

ಫೀಡ್ ಅರ್ಧ ಗಂಟೆಗೊಮ್ಮೆ, ಸುಮಾರು 30 ಗ್ರಾಂ ಕಾರ್ಬೋಹೈಡ್ರೇಟ್, ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ಬೆಚ್ಚಗಿನ ನೀರಿನಲ್ಲಿ. ಒಂದು ಫೀಡ್ ತಪ್ಪಿದರೆ ತಪ್ಪಿತು, ಮುಂದಿನದ್ದು ಡಬಲ್ ಇಲ್ಲ. ಬಾಟಲಿಗಳನ್ನು ಹಿಂದಿನ ರಾತ್ರಿಯೇ ಅಳೆದು ಇಟ್ಟುಬಿಟ್ಟರೆ ದೋಣಿಯಲ್ಲಿ ಯಾರ ಕೈಯೂ ಪುಡಿ ಡಬ್ಬಿಗೆ ಹೋಗುವುದಿಲ್ಲ.

ತೂಕ? 10 ಕೆ.ಜಿ. ಏರಿಸಿ ಅಂದವರಿದ್ದರು. ಕೊಬ್ಬು ಬೆಚ್ಚಗಿಡುವುದು ನಿಜ. ಆದರೆ ಅದು ಹೆಗಲನ್ನು ರಿಪೇರಿ ಮಾಡುವುದಿಲ್ಲ. ಸರಿಯಾಗಿ ತಿನ್ನಲು ಶುರು ಮಾಡಿದ ಮೇಲೆ 4 ಕೆ.ಜಿ. ತಾನಾಗಿಯೇ ಬಂತು, ಅಲ್ಲಿಗೇ ಬಿಟ್ಟೆವು. ತಣ್ಣೀರಿನ ಅಭ್ಯಾಸ ವಾರಕ್ಕೊಮ್ಮೆ ಇತ್ತು, ಹೆಚ್ಚಿಸಲಿಲ್ಲ.

ಎರಡನೇ ಸಲ

ಮುಂದಿನ ವರ್ಷ, ಅದೇ ನೀರು, 15.2 ಡಿಗ್ರಿ. ಮೊದಲ ಗಂಟೆ 64. ಮೂರನೇ ಗಂಟೆ 63. ನಾಲ್ಕಕ್ಕೆ 62, ಫೀಡ್ ಪೂರ್ತಿ. ಐದಕ್ಕೆ 60. ಐದೂಕಾಲಕ್ಕೆ ನಡುಕ ಶುರುವಾಯಿತು, ಹಲ್ಲು ಕಡಿಯುವ ಸದ್ದು ಫೀಡ್ ಹೊತ್ತಲ್ಲಿ ನಮಗೇ ಕೇಳುತ್ತಿತ್ತು. ಹೆಗಲು ಹೇಗಿದೆ ಅಂತ ಕೇಳಿದೆ. "ಎರಡೂ ಒಂದೇ ಥರ ನೋಯ್ತಿವೆ" ಅಂದರು. ಅಷ್ಟು ಹೊತ್ತಿನಲ್ಲಿ ನಾನು ಕೇಳಿದ ಒಳ್ಳೆಯ ಸುದ್ದಿ ಅದು. ಮಗ್ಗಿ ಹೇಳಿಸಿದೆ, ಮಗಳ ಹುಟ್ಟಿದ ದಿನ ಕೇಳಿದೆ, ಬೆರಳು ಕೂಡಿಸಿ ತೋರಿಸಲು ಹೇಳಿದೆ. ಕಿರುಬೆರಳು ಸ್ವಲ್ಪ ಅಗಲವಾಗಿತ್ತು, ಉಳಿದವು ಕೂಡಿದವು. ಬಿಟ್ಟೆ. 6 ಗಂಟೆ 5 ನಿಮಿಷಕ್ಕೆ ಮೇಲೆ ಬಂದರು, ಕೊನೆಯ ಎಣಿಕೆ 58. ದಡದಲ್ಲಿ ಅರ್ಧ ಗಂಟೆ ಗಡಗಡ ನಡುಗಿದರು. ಯಾರೂ ಶವರ್ ಮಾತೆತ್ತಲಿಲ್ಲ.

ಈಗ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಅವರ ವೇಗ ಗಂಟೆಗೆ ಸುಮಾರು 3 ಕಿ.ಮೀ. ಚಾನೆಲ್ ನೇರ ಗೆರೆಯಲ್ಲೇ 11 ಗಂಟೆ. ಸುಸ್ತು, ಅಡ್ಡ ಸೆಳೆತ ಸೇರಿಸಿದರೆ 14, 15. ಆರನೇ ಗಂಟೆಗೆ 58 ಇರುವವರು ಹತ್ತನೇ ಗಂಟೆಗೆ ಎಷ್ಟಿರುತ್ತಾರೆ ಅನ್ನುವುದು ನೋಡದೆ ಒಬ್ಬರೇ ಹೋಗುವುದು ಬೇಡ, ಮೊದಲು ರಿಲೇ ಮಾಡಿ ಅಂದೆ. ರಿಲೇಯಲ್ಲಿ ಸಾಮಾನ್ಯವಾಗಿ ಆರು ಜನ, ತಲಾ ಒಂದು ಗಂಟೆ, ಸರದಿ ಬದಲಿಸುವಂತಿಲ್ಲ. ರಾತ್ರಿಯ ನೀರು, ಅಲೆ, ಜೆಲ್ಲಿಫಿಶ್, ಹಡಗುಗಳ ಡೀಸೆಲ್ ವಾಸನೆ, ಎಲ್ಲದರ ಪರಿಚಯವಾಗುತ್ತದೆ. ಹೆಗಲಿಗೆ ನಡುವೆ ಐದು ಗಂಟೆ ಬಿಡುವು. ಅವರು ಒಪ್ಪಲಿಲ್ಲ. ಒಬ್ಬರೇ ಹೋಗಲು ದೋಣಿ ಕಾದಿರಿಸಿದ್ದಾರೆ, ಎರಡು ವರ್ಷ ಮುಂದಕ್ಕೆ. ಅಷ್ಟರೊಳಗೆ ಒಂದು 10 ಗಂಟೆಯ ಈಜು ಮಾಡುತ್ತೇವೆ, ಅದರಲ್ಲಿ ಎಣಿಕೆ ಬೀಳದೆ ನಿಂತರೆ ನಾನೂ ಸುಮ್ಮನಾಗುತ್ತೇನೆ ಅಂತ ಮಾತಾಗಿದೆ.

ನಿಲ್ಲಿಸುವ ನಿಯಮ ಮಾತ್ರ ಈಗಲೇ ಬರೆದು ಸಹಿ ಹಾಕಿಸಿಕೊಂಡಿದ್ದೇನೆ. ಸತತ ಎರಡು ಎಣಿಕೆ 52ಕ್ಕಿಂತ ಕೆಳಗೆ ಬಂದು, ಜೊತೆಗೆ ಫೀಡ್ ವಾಪಸ್ ಬಂದರೆ, ಮೇಲೆತ್ತುವುದು. ಬೆರಳು ಸೆಟೆದು ಮಾತು ತೊದಲಿದರೆ ಎಣಿಕೆಗೂ ಕಾಯುವುದಿಲ್ಲ. ಅವರು ಓದಿ ಒಂದು ಸಾಲು ತಾವೇ ಸೇರಿಸಿದರು: ತಮ್ಮ ಎಣಿಸಬಹುದು, ನಿರ್ಧಾರ ಅವನದ್ದಲ್ಲ. ಪಕ್ಕದಲ್ಲೇ ಕೂತಿದ್ದ ತಮ್ಮ ನಿಟ್ಟುಸಿರು ಬಿಟ್ಟು, "ಬದುಕಿದೆ ಅಕ್ಕಾ" ಅಂದರು.